ಈ ಹಾಡು ಯಾವ ಪಿಕ್ಚರ್‌ದು ಎಂದು ಕೇಳುವ ಮುನ್ನ

ಮರಿ, ನಿನ್ನ ಅಜ್ಜಿ ಗುನುಗುವ ಹಾಡಿನ ಬಗ್ಗೆ ನೀನು ಇಂಟರ್‌ನೆಟ್‌ನಲ್ಲಿ ಹಾಕಿದ ಪ್ರಶ್ನೆ ನೋಡಿದೆ. ‘ಹಳೇ ಕನ್ನಡ ಹಾಡು, ಹೀರೋಯಿನ್ ನದಿ ಹತ್ತಿರ ಹಾಡ್ತಾಳೆ, ಯಾವ ಸಿನಿಮಾ ಪ್ಲೀಸ್’ ಅಂತ ಒಂದೇ ಸಾಲು ಬರೆದಿದ್ದೀಯ. ಕೆಳಗೆ ಉತ್ತರಗಳೇನೋ ಬಂದಿವೆ, ಆದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದ್ದಾರೆ. ನದಿ ಹತ್ತಿರ ಹಾಡದ ನಾಯಕಿ ನಮ್ಮ ಸಿನಿಮಾದಲ್ಲಿ ಯಾರಿದ್ದಾರೆ ಹೇಳು? ಹಾಗಂತ ಕೇಳುವುದನ್ನೇ ಬಿಡಬೇಡ. ಇಂಥ ಚಿಕ್ಕ ಪ್ರಶ್ನೆಗಳಿಂದಲೇ ಎಷ್ಟೋ ಹಾಡುಗಳು ಮರೆವಿನಿಂದ ಎದ್ದು ಬಂದಿವೆ. ಕೇಳುವ ರೀತಿ ಸ್ವಲ್ಪ ಬದಲಾಗಬೇಕು, ಅಷ್ಟೇ.

ಜರ್ಮನಿಯಲ್ಲಿ ನಡೆದದ್ದನ್ನು ಕೇಳು. 1984ರ ಸುಮಾರಿಗೆ ಅಲ್ಲಿನ ಹುಡುಗನೊಬ್ಬ ಎನ್‌ಡಿಆರ್ ರೇಡಿಯೊದಲ್ಲಿ ಬಂದ ಹಾಡೊಂದನ್ನು ಕ್ಯಾಸೆಟ್‌ಗೆ ತುಂಬಿಕೊಂಡ. ನಿರೂಪಕರ ಮಾತು ಬೇಡವೆಂದು ಬಿಟ್ಟಿದ್ದರಿಂದ ಹಾಡಿನ ಹೆಸರೂ ಇಲ್ಲ, ಹಾಡಿದವರ ಹೆಸರೂ ಇಲ್ಲ. 2007ರಲ್ಲಿ ಅವನ ಸೋದರಿ ಅದನ್ನು ಇಂಟರ್‌ನೆಟ್‌ಗೆ ಹಾಕಿ ‘ಯಾರದಿದು?’ ಎಂದು ಕೇಳಿದಳು. ಹತ್ತಾರು ವರ್ಷ ಯಾರಿಗೂ ಗೊತ್ತಾಗಲಿಲ್ಲ. 2019ರಲ್ಲಿ ಜಗತ್ತಿನ ಮೂಲೆಮೂಲೆಯವರು ಹುಡುಕಾಟಕ್ಕೆ ಕೈಹಾಕಿದರು. ಕೊನೆಗೆ 2024ರ ನವೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಅದು ಕೀಲ್ ಪಟ್ಟಣದ ಫೆಕ್ಸ್ ಎಂಬ ಬ್ಯಾಂಡ್ ಹಾಡಿದ ‘ಸಬ್‌ವೇಸ್ ಆಫ್ ಯುವರ್ ಮೈಂಡ್’. ಕಂಡುಹಿಡಿದವರು ಮಾಡಿದ್ದೇನು ಗೊತ್ತೇ? ಆ ಕಾಲದ ಪತ್ರಿಕೆಗಳಲ್ಲಿ ಸ್ಥಳೀಯ ಬ್ಯಾಂಡ್‌ಗಳ ಸುದ್ದಿಯನ್ನು ತಾಳ್ಮೆಯಿಂದ ಹುಡುಕುತ್ತಾ ಹೋಗಿ, ಆ ತಂಡದಲ್ಲಿದ್ದವರನ್ನೇ ಮಾತಾಡಿಸಿದರು. ಅದಕ್ಕೂ ಮುಂಚೆ ಸಾವಿರಾರು ಜನ ಊಹೆ ಹೇಳಿದ್ದರು. ಉತ್ತರ ಕೊಟ್ಟದ್ದು ಮಾತ್ರ ಹಳೇ ಪತ್ರಿಕೆ.

ಆ ಹಾಡನ್ನು ಅಷ್ಟು ಕಾಲ ಜನ ‘ಲೈಕ್ ದ ವಿಂಡ್’ ಎಂಬಂಥ ಹೆಸರುಗಳಿಂದ ಕರೆಯುತ್ತಿದ್ದರು. ಕಿವಿಗೆ ಬಿದ್ದ ಪದವನ್ನೇ ಹೆಸರು ಮಾಡಿಕೊಂಡಿದ್ದರು. ಅದಕ್ಕೇ ನಿನಗೆ ಮೊದಲು ಹೇಳುವುದು ಇದು: ಖಚಿತವಾಗಿ ಗೊತ್ತಿರುವುದನ್ನೂ ನಿನ್ನ ಊಹೆಯನ್ನೂ ಬೇರೆ ಬೇರೆ ಬರಿ. ‘ಅಜ್ಜಿ ಹಾಡುವ ಸಾಲು ಇದು, ಮೂರನೇ ಪದ ಸರಿಯಾಗಿ ತಿಳಿಯದು’ ಎಂದು ಬರೆದರೆ ಓದಿದವರು ಆ ಮೂರನೇ ಪದವನ್ನು ಪಕ್ಕಕ್ಕಿಟ್ಟು ಯೋಚಿಸುತ್ತಾರೆ. ನೀನೇ ಒಂದು ಪದ ತುಂಬಿಸಿಬಿಟ್ಟರೆ ಎಲ್ಲರೂ ಅದರ ಬೆನ್ನು ಹತ್ತುತ್ತಾರೆ. ಇನ್ನೂ ಒಳ್ಳೆಯದೆಂದರೆ ಅಜ್ಜಿ ಗುನುಗುವುದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕು. ಗುನುಗಿದರೆ ಹಾಡು ಹುಡುಕಿಕೊಡುವ ಸೌಲಭ್ಯ ಗೂಗಲ್‌ನಲ್ಲಿ 2020ರಿಂದ ಇದೆ, ಅದನ್ನೂ ಪ್ರಯತ್ನಿಸು. ನಮ್ಮ ಅಪರೂಪದ ಹಾಡುಗಳಲ್ಲಿ ಅದು ಎಷ್ಟೋ ಸಲ ಸೋಲುತ್ತದೆ. ಅಲ್ಲಿಯೇ ಮನುಷ್ಯರ ನೆನಪು ಬೇಕಾಗುವುದು.

ಆಮೇಲೆ ಕಾಲ. ‘ಹಳೇದು’ ಅಂದರೆ ನಿನಗೆ 1995, ನನಗೆ 1955. ಅಜ್ಜಿಯನ್ನು ಕೂರಿಸಿಕೊಂಡು ಕೇಳು: ಮದುವೆಗೆ ಮುಂಚೆ ಕೇಳಿದ್ದೋ ಆಮೇಲೋ? ಯಾವ ಊರಲ್ಲಿ? ಟೆಂಟಿನಲ್ಲಿ ನೋಡಿದ್ದೋ, ರೇಡಿಯೊದಲ್ಲಿ ಕೇಳಿದ್ದೋ? ಬಣ್ಣದ ಚಿತ್ರವೋ, ಕಪ್ಪುಬಿಳುಪೋ? ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. ಚಿತ್ರವಿಡೀ ಬಣ್ಣದಲ್ಲಿತ್ತು ಅಂತ ಅಜ್ಜಿಗೆ ಚೆನ್ನಾಗಿ ನೆನಪಿದ್ದರೆ ಅದಕ್ಕಿಂತ ಹಿಂದಕ್ಕೆ ಹುಡುಕುವ ಶ್ರಮ ಉಳಿಯಿತು. ತೆರೆಯ ಮೇಲೆ ರಾಜ್‌ಕುಮಾರ್, ದನಿಯೂ ಅವರದೇ ಅಂದರೆ 1974ರ ‘ಸಂಪತ್ತಿಗೆ ಸವಾಲ್’ ಆದಮೇಲಿನದಿರಬಹುದು. ಆ ಚಿತ್ರದ ತನಕ ಅವರಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಅವರದೇ ದನಿ. ಇದೂ ಪಕ್ಕಾ ಲೆಕ್ಕವಲ್ಲ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲೇ ಅಣ್ಣಾವ್ರು ಎಸ್. ಜಾನಕಿ ಜತೆ ಹಾಡಿದ್ದರು. ಆದರೂ ಇಂಥ ಸಣ್ಣ ಗುರುತುಗಳೇ ದಾರಿ ತೋರಿಸುವುದು.

ಬರೀ ಚಿತ್ರದ ಹೆಸರು ಸಿಕ್ಕಿದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯಬೇಡ. ಯಾರೋ ‘ನಾಗರಹಾವು’ ಅಂದರು ಅಂತಿಟ್ಟುಕೋ. 1972ರ ಪುಟ್ಟಣ್ಣ ಕಣಗಾಲರದ್ದೋ, 2002ರಲ್ಲಿ ಉಪೇಂದ್ರ ನಟಿಸಿದ್ದೋ, 2016ರಲ್ಲಿ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್‌ನಲ್ಲಿ ತಂದದ್ದೋ? ಹೆಸರಿನ ಜತೆ ಇಸವಿ ಇಲ್ಲದ ಉತ್ತರ ಅರ್ಧ ಉತ್ತರ.

ಇಬ್ಬರು ಬೇರೆ ಬೇರೆ ಉತ್ತರ ಕೊಟ್ಟು ಜಗಳಕ್ಕಿಳಿದರೂ ಗಾಬರಿಯಾಗಬೇಡ, ಇಬ್ಬರದೂ ಸರಿಯಿರಬಹುದು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದ ಕವನ ಸಂಕಲನ. ಅದರ ಪದ್ಯಗಳು ಸಿ. ಅಶ್ವತ್ಥ್ ಅವರ ಸಂಗೀತದಲ್ಲಿ ಕ್ಯಾಸೆಟ್ ಆಗಿ ಮನೆಮನೆಗೆ ಹೋದವು, 1992ರಲ್ಲಿ ನಾಗಾಭರಣ ಅದೇ ಹೆಸರಿನ ಸಿನಿಮಾ ಮಾಡಿದರು. ಒಬ್ಬರು ಸಿನಿಮಾ ಹಾಡು ಅಂತಾರೆ, ಇನ್ನೊಬ್ಬರು ಭಾವಗೀತೆ ಅಂತಾರೆ. ಇಂಥ ಕಡೆ ‘ಯಾರು ಸರಿ’ ಅಂತ ಕೇಳಬೇಡ, ‘ನೀವು ಕೇಳಿದ್ದು ಯಾವುದರಲ್ಲಿ’ ಅಂತ ಕೇಳು.

ಉತ್ತರವನ್ನು ನಂಬುವ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಕಳವಳ ಇರುವುದು ಇಲ್ಲಿಯೇ. ಹತ್ತು ಜನ ಲೈಕ್ ಒತ್ತಿದರೆ ಉತ್ತರ ನಿಜವಾಗುವುದಿಲ್ಲ. ಯೂಟ್ಯೂಬಿನಲ್ಲಿ ವಿಡಿಯೊ ಹಾಕಿದವರು ಕೊಟ್ಟ ಹೆಸರೂ ಎಷ್ಟೋ ಸಲ ತಪ್ಪು. ಎಐಯನ್ನು ಕೇಳಿದರೆ ಇಲ್ಲದ ಚಿತ್ರದ ಹೆಸರನ್ನೂ ನಯವಾಗಿ ಹೇಳಿಬಿಡಬಹುದು. ಮೊದಲ ಕನ್ನಡ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರಿಂಟ್ ಉಳಿದಿಲ್ಲ. ನಾಳೆ ಯಾರಾದರೂ ‘ಇದು ಅದರದೇ ದೃಶ್ಯ’ ಅಂತ ಕಳಿಸಿದರೆ ಎಲ್ಲಿಂದ ಸಿಕ್ಕಿತೆಂದು ಕೇಳದೆ ಮುಂದಕ್ಕೆ ಕಳಿಸಬೇಡ. ಚಿತ್ರ ಸಿಕ್ಕರೆ ಅದರ ಟೈಟಲ್ ಕಾರ್ಡ್ ನೋಡು. ಅಲ್ಲಿ ಗಾಯಕರೆಲ್ಲರ ಹೆಸರು ಒಟ್ಟಿಗೆ ಇದ್ದು ಯಾವ ಹಾಡು ಯಾರದೆಂದು ತಿಳಿಯದೆ ಹೋದರೆ, ಗ್ರಾಮಫೋನ್ ತಟ್ಟೆಯ ಮೇಲಿನ ಚೀಟಿ ನೋಡು. ಥಿಯೇಟರಿನ ಮುಂದೆ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕ ಯಾರ ಬಳಿಯಾದರೂ ಇದೆಯೇ ಎಂದು ವಿಚಾರಿಸು. ‘ನನಗೆ ಗೊತ್ತು’ ಅನ್ನುವವರನ್ನು ವಿನಯದಿಂದಲೇ ‘ನೀವು ಎಲ್ಲಿ ನೋಡಿದ್ದು?’ ಅಂತ ಕೇಳು. ನಿಜವಾಗಿ ಬಲ್ಲವರಿಗೆ ಆ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.

ಹುಡುಕುವ ಹುಮ್ಮಸ್ಸಿನಲ್ಲಿ ಜನರನ್ನು ಪೀಡಿಸುವವರೂ ಇದ್ದಾರೆ. ಒಂದು ಹಾಡು ಹಾಡಿ ಮರೆಯಾದ ಗಾಯಕಿ ಈಗ ಎಲ್ಲೋ ತನ್ನ ಪಾಡಿಗೆ ಬಾಳುತ್ತಿರಬಹುದು. ಅವರ ಫೋನ್ ನಂಬರ್, ವಿಳಾಸ ಎಲ್ಲರ ಮುಂದೆ ಹಾಕುವುದು ದೊಡ್ಡ ತಪ್ಪು. ಒಬ್ಬರೇ ಒಂದು ಸಲ ಗೌರವದಿಂದ ಕೇಳಲಿ. ಬೇಡವೆಂದರೆ ಅಲ್ಲಿಗೇ ಬಿಟ್ಟುಬಿಡಬೇಕು.

ಕಡೆಗೊಂದು ಮಾತು. ಉತ್ತರ ಸಿಕ್ಕ ದಿನ ಬಹಳ ಜನ ‘ಥ್ಯಾಂಕ್ಸ್, ಸಿಕ್ತು’ ಅಂತ ಬರೆದು ಹೋಗಿಬಿಡುತ್ತಾರೆ. ಏನು ಸಿಕ್ಕಿತೆಂದು ಮಾತ್ರ ಬರೆಯುವುದಿಲ್ಲ. ಇನ್ನೈದು ವರ್ಷಕ್ಕೆ ಅದೇ ಹಾಡು ಹುಡುಕಿಕೊಂಡು ಬಂದವರಿಗೆ ಎಷ್ಟು ನಿರಾಸೆಯಾಗುತ್ತದೆ ಗೊತ್ತಾ! ನೀನು ಹಾಗೆ ಮಾಡಬೇಡ ಮರಿ. ಚಿತ್ರ, ಇಸವಿ, ಬರೆದವರು, ಸಂಗೀತ, ಹಾಡಿದವರು, ಯಾವ ಆಧಾರದಿಂದ ಗೊತ್ತಾಯಿತು, ಯಾರು ಹೇಳಿಕೊಟ್ಟರು — ಇಷ್ಟನ್ನೂ ನಿನ್ನ ಪ್ರಶ್ನೆಯ ಕೆಳಗೇ ಕನ್ನಡದಲ್ಲಿ ಬರೆದಿಡು.