‘ಡಿ.ಸಿ.’ – ಎರಡಕ್ಷರಗಳ ನಾನಾರ್ಥ

ಒಂದೇ ಶಬ್ದಕ್ಕೆ ಹಲವು ಅರ್ಥಗಳಿರುವುದು ಭಾಷೆಗೆ ಹೊಸದಲ್ಲ. ಅಮರಕೋಶದ ಮೂರನೆಯ ಕಾಂಡದಲ್ಲಿ ಇಂಥ ಶಬ್ದಗಳಿಗಾಗಿಯೇ ನಾನಾರ್ಥವರ್ಗವುಂಟು. ‘ಸೈಂಧವ’ವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತವನು ಸೈಂಧವವನ್ನು ತರಹೇಳಿದರೆ ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆಯನ್ನು ತರಬೇಕು. ಹೀಗೆ ಅರ್ಥವನ್ನು ನಿರ್ಣಯಿಸಿಕೊಡುವ ಸಂದರ್ಭವನ್ನು ಶಾಸ್ತ್ರಕಾರರು ‘ಪ್ರಕರಣ’ವೆಂದು ಕರೆದರು. ಇಂದಿನ ವ್ಯವಹಾರದಲ್ಲಿ ತುಂಬಿಕೊಂಡಿರುವ ಇಂಗ್ಲಿಷ್ ಸಂಕ್ಷೇಪಾಕ್ಷರಗಳಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ‘ಡಿ.ಸಿ.’ ಎಂಬ ಎರಡಕ್ಷರಗಳೇ ಇದಕ್ಕೆ ಉತ್ತಮ ನಿದರ್ಶನ.

ಕರ್ನಾಟಕದ ರೈತನಿಗೆ ಡಿ.ಸಿ. ಎಂದರೆ ಡೆಪ್ಯುಟಿ ಕಮಿಷನರ್, ಅರ್ಥಾತ್ ಜಿಲ್ಲಾಧಿಕಾರಿ. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನದಲ್ಲಿ ನಡೆದ ಬ್ರಿಟಿಷ್ ಕಮಿಷನರುಗಳ ಆಡಳಿತದ ಗುರುತು ಈ ಹೆಸರಿನಲ್ಲಿ ಉಳಿದಿದೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ ಇಂಥ ಅಧಿಕಾರಿಗೆ ಕಲೆಕ್ಟರ್ ಎಂಬ ಹೆಸರಿತ್ತು. ನೆರೆಯ ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಭೌತವಿಜ್ಞಾನದ ತರಗತಿಯಲ್ಲಾದರೋ ಡಿ.ಸಿ. ಎಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್ ಪ್ರವಾಹ. ಬ್ಯಾಟರಿಯಿಂದ ದೊರೆಯುವುದು ಇದೇ. ಮನೆಗಳಿಗೆ ಬರುವುದು ಎ.ಸಿ., ಅಂದರೆ ಪರ್ಯಾಯ ಪ್ರವಾಹ. ಭಾರತದಲ್ಲಿ ಅದು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ಕಂದಾಯ ಇಲಾಖೆಯಲ್ಲಿಯೂ ಡಿ.ಸಿ.ಯ ಕೆಳಗೆ ಎ.ಸಿ., ಎಂದರೆ ಅಸಿಸ್ಟೆಂಟ್ ಕಮಿಷನರ್ ಇರುವುದು ಸ್ವಾರಸ್ಯದ ಸಂಗತಿ.

ಈ ಎರಡು ಪ್ರವಾಹಗಳ ಚರಿತ್ರೆಯು ಕೋಲಾರದಲ್ಲಿ ಸಂಧಿಸುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು ಪರ್ಯಾಯ ಪ್ರವಾಹದ ರೂಪದಲ್ಲಿ. ಟ್ರಾನ್ಸ್‌ಫಾರ್ಮರಿನಿಂದ ಅದರ ವೋಲ್ಟೇಜನ್ನು ಸುಲಭವಾಗಿ ಏರಿಸಿ ಇಳಿಸಬಹುದಾದುದೇ ಅದಕ್ಕೆ ಕಾರಣ. ಶತಮಾನ ಕಳೆದ ಮೇಲೆ, 2003ರಲ್ಲಿ, ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 500 ಕಿಲೋವೋಲ್ಟಿನ ಡಿ.ಸಿ. ಮಾರ್ಗವು ಕಾರ್ಯಾರಂಭ ಮಾಡಿತು. ಅತಿ ದೂರದ ಸಾಗಣೆಯಲ್ಲಿ ನೇರ ಪ್ರವಾಹದಿಂದ ನಷ್ಟ ಕಡಿಮೆ. ಅರೆವಾಹಕಗಳಿಂದ ರಚಿತವಾದ ಪರಿವರ್ತಕಗಳು ಅದನ್ನು ಸಾಧ್ಯಗೊಳಿಸಿದವು.

ಇನ್ನು ಭೂಗೋಳದಲ್ಲಿ ವಾಷಿಂಗ್ಟನ್ ಡಿ.ಸಿ. ಎಂಬಲ್ಲಿ ಈ ಅಕ್ಷರಗಳು ‘ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ’ ಎಂಬುದನ್ನು ಸೂಚಿಸುತ್ತವೆ. ಯಾವ ರಾಜ್ಯಕ್ಕೂ ಸೇರದ ಆ ಪ್ರದೇಶವು 1800ರಿಂದ ಅಮೆರಿಕದ ರಾಜಧಾನಿ. ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ಅವು ‘ಡಾ ಕಾಪೊ’ ಎಂಬ ಇಟಾಲಿಯನ್ ಮಾತಾಗಿ, ಮೊದಲಿನಿಂದ ಮತ್ತೆ ನುಡಿಸಬೇಕೆಂದು ತಿಳಿಸುತ್ತವೆ. 1935ರಲ್ಲಿ ಮೊದಲು ಹಾರಿದ ಡಿ.ಸಿ.-3 ವಿಮಾನದಲ್ಲಿ ‘ಡಗ್ಲಾಸ್ ಕಮರ್ಷಿಯಲ್’ ಎಂದಾಗುತ್ತವೆ. ರೋಮನ್ ಅಂಕಿಗಳೆಂದು ಓದಿದರೆ 600!

ಇಷ್ಟು ಅರ್ಥಗಳಿದ್ದರೂ ಇವುಗಳಿಂದ ಗೊಂದಲವಾಗುವುದು ಅಪೂರ್ವ. ವಿದ್ಯುತ್ ತಂತಿಯ ಮಾತಿನಲ್ಲಿ ಜಿಲ್ಲಾಧಿಕಾರಿಯನ್ನು ಯಾರೂ ನೆನೆಯರು. ಪ್ರಕರಣವೇ ಅಲ್ಲಿ ಕಾವಲಿದೆ. ನಿಜವಾದ ಅಪಾಯವಿರುವುದು ಎರಡು ಅರ್ಥಗಳು ಒಂದೇ ಕ್ಷೇತ್ರದಲ್ಲಿ ನೆಲೆಸಿದಾಗ. ಇಂಗ್ಲಿಷ್ ವೈದ್ಯಕೀಯ ಬರಹದಲ್ಲಿ ಇವೇ ಅಕ್ಷರಗಳು ರೋಗಿಯನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡುವುದಕ್ಕೂ, ಔಷಧವನ್ನು ನಿಲ್ಲಿಸುವುದಕ್ಕೂ ಬಳಕೆಯಾದವು. ಮನೆಗೆ ಹೊರಟ ರೋಗಿಯು ಸೇವಿಸಬೇಕಾದ ಔಷಧಗಳ ಪಟ್ಟಿಯನ್ನು ನಿಲ್ಲಿಸಬೇಕಾದವುಗಳ ಪಟ್ಟಿಯೆಂದು ತಿಳಿದ ಪ್ರಸಂಗಗಳುಂಟು. ಆದಕಾರಣ ಅಮೆರಿಕದ ಔಷಧ ಸುರಕ್ಷತಾ ತಜ್ಞರು ಇದನ್ನು ಪ್ರಮಾದಕಾರಿ ಸಂಕ್ಷೇಪಗಳ ಪಟ್ಟಿಗೆ ಸೇರಿಸಿ, ಪೂರ್ಣಪದವನ್ನೇ ಬರೆಯಬೇಕೆಂದು ವಿಧಿಸಿದ್ದಾರೆ.

ಸಂಕ್ಷೇಪವು ಬರೆಯುವವನ ಶ್ರಮವನ್ನು ಉಳಿಸುತ್ತದೆ. ಆ ಶ್ರಮವು ಎಷ್ಟೋ ವೇಳೆ ಓದುವವನ ಮೇಲೆ ಬೀಳುತ್ತದೆ. ಪಾಠದಲ್ಲಾಗಲಿ, ಅರ್ಜಿಯಲ್ಲಾಗಲಿ, ಔಷಧದ ಚೀಟಿಯಲ್ಲಾಗಲಿ ಮೊದಲ ಬಾರಿಗೆ ಪೂರ್ಣರೂಪವನ್ನು ಬರೆದು ಅನಂತರ ಅಕ್ಷರಗಳನ್ನು ಬಳಸುವುದು ಓದುಗನಿಗೆ ಸಲ್ಲಿಸುವ ಗೌರವ. ಎರಡಕ್ಷರಗಳನ್ನು ಉಚ್ಚರಿಸಬಲ್ಲ ವಿದ್ಯಾರ್ಥಿಗೆ ಅವುಗಳ ಹಿಂದಿರುವ ಪದಗಳನ್ನೂ ಕಲಿಸಿದಾಗಲೇ ಪಾಠವು ಪೂರ್ಣವಾಗುತ್ತದೆ.