ಹೆಪ್ಪು ಹೇಳದ ಗುಟ್ಟು, ಬೆಳ್ಳಿ ಕಾಗದ ಹೇಳುತ್ತದೆ



ಕೆಚ್ಚಲುಬಾವಿಗೆ ಔಷಧ ಹಾಕಿಸಿದ ಎಮ್ಮೆಯ ಹಾಲಿಗೆ ಹೆಪ್ಪು ಹಾಕಿದರೆ ಕೆಲವೊಮ್ಮೆ ಬೆಳಗಾದರೂ ಮೊಸರಾಗುವುದಿಲ್ಲ. ರೋಗಾಣು ಕೊಲ್ಲುವ ಔಷಧವು ಹೆಪ್ಪಿನ ಒಳ್ಳೆಯ ಜೀವಾಣುಗಳನ್ನೂ ಕೊಲ್ಲುತ್ತದೆ. ಆದರೆ ಔಷಧದ ಅಂಶ ತೀರಾ ಕಡಿಮೆ ಇದ್ದರೆ ಹೆಪ್ಪಿಗೂ ತಿಳಿಯದು. ಹನುಮನಹಳ್ಳಿಯಂಥ ಊರಿನ ಸಂಘದಲ್ಲಿ ನೋಡುವ ಡಿಗ್ರಿ, ಫ್ಯಾಟ್‌ಗೂ ಸಿಗದು.

ಇಂಥ ಅಂಶ ಹಿಡಿಯಲು ವಿಜ್ಞಾನಿಗಳು ವಿಶೇಷ ಕಾಗದ ರೂಪಿಸಿದ್ದಾರೆ. ಸೋಸುವ ಕಾಗದದ ಮೇಲೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು, ಅಂದರೆ ನ್ಯಾನೋ ಕಣಗಳನ್ನು ಕೂರಿಸುತ್ತಾರೆ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್.

ಹಾಲಿನ ಕೊಬ್ಬು, ಪ್ರೋಟೀನ್ ಬೆಳ್ಳಿಯನ್ನು ಮುಚ್ಚಿಬಿಡುತ್ತವೆ. ಆದ್ದರಿಂದ ಅವನ್ನು ಬೇರ್ಪಡಿಸಿ, ಉಳಿದ ದ್ರವದ ಹನಿಯನ್ನು ಕಾಗದಕ್ಕೆ ಹಾಕಿ ಲೇಸರ್ ಬೆಳಕು ಬಿಡುತ್ತಾರೆ. ಚದುರಿದ ಬೆಳಕಿನ ಸ್ವಲ್ಪ ಭಾಗದ ಬಣ್ಣ ಬದಲಾಗುತ್ತದೆ. ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಪ್ರತಿ ರಾಸಾಯನಿಕಕ್ಕೂ ಈ ಬದಲಾವಣೆ ಬೇರೆ. 1928ರಲ್ಲಿ ಸರ್ ಸಿ.ವಿ. ರಾಮನ್ ಕಂಡುಹಿಡಿದದ್ದು ಇದನ್ನೇ. 1930ರಲ್ಲಿ ನೊಬೆಲ್ ಪಡೆದ ಅವರು 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಆ ಗುರುತು ಬಹಳ ಮಸುಕು. ಬೆಳ್ಳಿ ಕಣಗಳು ಅದನ್ನು ಲಕ್ಷಾಂತರ ಪಟ್ಟು ಹೆಚ್ಚಿಸುತ್ತವೆ.

ಇಷ್ಟು ಸೂಕ್ಷ್ಮ ಪರೀಕ್ಷೆ ಯಾಕೆ? 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಬೆರೆಸಿ ಪ್ರೋಟೀನ್ ಹೆಚ್ಚಿರುವಂತೆ ತೋರಿಸಿದರು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಕೂಸುಗಳು ತೀರಿಕೊಂಡವು. ನಮ್ಮಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದ ದನದ ಹಾಲಿಗೆ ಅಫ್ಲಾಟಾಕ್ಸಿನ್ ವಿಷ ಇಳಿಯುತ್ತದೆ. ಕಾನೂನಿನ ಮಿತಿ ಕಿಲೋ ಹಾಲಿಗೆ ಅರ್ಧ ಮೈಕ್ರೋಗ್ರಾಂ ಮಾತ್ರ. ಮೈಕ್ರೋಗ್ರಾಂ ಎಂದರೆ ಗ್ರಾಮಿನ 10 ಲಕ್ಷದಲ್ಲೊಂದು ಪಾಲು. ಕುದಿಸಿದರೂ ಈ ವಿಷ ಹೋಗದು.

ಈ ಪರೀಕ್ಷೆ ಪ್ರಯೋಗಾಲಯದ್ದು. ಮೊದಲ ಕಾವಲು ಮಾತ್ರ ನಮ್ಮ ಕೊಟ್ಟಿಗೆಯಲ್ಲೇ:

1. ಚಿಕಿತ್ಸೆ ಕೊಡಿಸಿದಾಗ ಎಷ್ಟು ದಿನ ಹಾಲು ಹಾಕಬಾರದೆಂದು ಪಶುವೈದ್ಯರನ್ನು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅವಧಿ ಗೊತ್ತುಮಾಡಿಲ್ಲದ ಔಷಧಕ್ಕೆ ಕನಿಷ್ಠ 7 ದಿನವೆಂದು ನಿಯಮವಿದೆ.
2. ಒಂದೇ ಮೊಲೆಗೆ ಟ್ಯೂಬ್ ಹಾಕಿಸಿದ್ದರೂ ನಾಲ್ಕೂ ಮೊಲೆಯ ಹಾಲು ಬೇರೆ ಇಡಿ. ಕರುವಿಗೂ ಕುಡಿಸಬೇಡಿ.
3. ಹಿಂಡಿ, ಮೇವನ್ನು ನೆಲದ ತೇವ ತಾಗದಂತೆ ಹಲಗೆಯ ಮೇಲಿಡಿ. ಬೂಷ್ಟು ಬಂದದ್ದನ್ನು ಒಣಗಿಸಿ ಹಾಕುವುದೂ ಬೇಡ.

ಒಂದು ಮನೆಯ ತಂಬಿಗೆ ಹಾಲು ಇಡೀ ಊರಿನ ಹಾಲಿನೊಂದಿಗೆ ಬೆರೆಯುತ್ತದೆ. ಕೆಟ್ಟರೆ ನಷ್ಟ ಎಲ್ಲರದು, ಕುಡಿಯುವ ಮಗು ಯಾರದೋ ಮನೆಯದು. ನಾಲ್ಕು ದಿನದ ಹಾಲಿನ ದುಡ್ಡು ಬಿಡುವುದು ಕಷ್ಟವೇ. ಆದರೂ ಬಿಡೋಣ.