ಪಕ್ಕದ ಬೋಟಿನ ಫ್ಯಾನ್ ನೋಡಿ ಸೈಜ್ ಹೇಳಬೇಡಿ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಮಲ್ಪೆಯ ಟ್ರಾಲ್ ಬೋಟುಗಳು ದಡದಲ್ಲಿರುತ್ತವೆ. ವರ್ಷವಿಡೀ ನೀರಿನಡಿಯಲ್ಲಿದ್ದ ಫ್ಯಾನ್, ಅಂದರೆ ಪ್ರೊಪೆಲ್ಲರ್, ಎಲ್ಲರ ಕಣ್ಣಿಗೆ ಬೀಳುವುದು ಆಗಲೇ. ಹೊಸ ಎಂಜಿನ್ ಕೂರಿಸಿಕೊಂಡ ಮಾಲೀಕರು ಕೇಳುವ ಮೊದಲ ಮಾತೂ ಹೆಚ್ಚುಕಡಿಮೆ ಒಂದೇ: ‘ಪಕ್ಕದ ಬೋಟಿಗೆ ಎಷ್ಟರ ಫ್ಯಾನ್ ಹಾಕಿದ್ದೀರಿ?’

ಬೋಟುಗಳಿಗೆ ಡೀಸೆಲ್ ಎಂಜಿನ್ ಕೂರಿಸುತ್ತಲೇ ಬದುಕಿದವನು ನಾನು. ಆ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ಎಂಜಿನ್ನಿನ ಪೂರ್ತಿ ಆರ್‌ಪಿಎಂ ಎಷ್ಟು, ಗೇರ್‌ಬಾಕ್ಸ್ ಎಷ್ಟಕ್ಕೆ ಇಳಿಸುತ್ತದೆ, ಹಿಂಭಾಗದಲ್ಲಿ ಫ್ಯಾನಿಗೆ ಎಷ್ಟು ಜಾಗ ಇದೆ ಎಂದು ತಿರುಗಿ ಕೇಳುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಸಮುದ್ರದಲ್ಲಿ ಈ ಬೋಟು ಹೆಚ್ಚು ಹೊತ್ತು ಮಾಡುವ ಕೆಲಸ ಯಾವುದು? ಓಡುವುದೋ, ಬಲೆ ಎಳೆಯುವುದೋ? ಫ್ಯಾನಿನ ಸೈಜ್ ತೀರ್ಮಾನವಾಗಬೇಕಾದದ್ದು ಈ ಕೊನೆಯ ಪ್ರಶ್ನೆಯಿಂದ.

ಫ್ಯಾನಿಗೆ ಎರಡು ಅಳತೆ. 36x30 ಎಂದರೆ 36 ಇಂಚು ವ್ಯಾಸ, 30 ಇಂಚು ಪಿಚ್. ಸ್ಕ್ರೂ ಮರದೊಳಗೆ ಹೋಗುವ ಹಾಗೆ, ನೀರು ಸ್ವಲ್ಪವೂ ಜಾರದಿದ್ದರೆ ಒಂದು ಸುತ್ತಿಗೆ ಫ್ಯಾನ್ ಎಷ್ಟು ಮುಂದೆ ಹೋಗುತ್ತಿತ್ತೋ ಅದೇ ಪಿಚ್. 1800 ಆರ್‌ಪಿಎಂನ ಎಂಜಿನ್, 4ಕ್ಕೆ 1ರ ಗೇರ್ ಎಂದಿಟ್ಟುಕೊಳ್ಳಿ. ಶಾಫ್ಟ್ ನಿಮಿಷಕ್ಕೆ 450 ಸುತ್ತು ತಿರುಗುತ್ತದೆ. 30 ಇಂಚು ಪಿಚ್‌ಗೆ ಲೆಕ್ಕದ ವೇಗ ಸುಮಾರು 11 ನಾಟ್. ಆದರೆ ನೀರು ಜಾರುತ್ತದೆ. ಬೋಟು 8 ನಾಟ್ ಓಡಿದರೆ ಜಾರಿಕೆ ಶೇ. 28ರಷ್ಟು, ನಮ್ಮಂಥ ಭಾರದ ಬೋಟಿಗೆ ಅದು ಸಹಜ.

ಬಲೆ ಬಿಟ್ಟಾಗ ವೇಗ 3 ನಾಟ್‌ಗೆ ಇಳಿಯುತ್ತದೆ. ಅದೇ ಫ್ಯಾನ್, ಅಷ್ಟೇ ಸುತ್ತು ತಿರುಗಿದರೆ ಜಾರಿಕೆ ಶೇ. 73. ಅಲಗುಗಳು ನೀರನ್ನು ಕಡಿದಾದ ಕೋನದಲ್ಲಿ ಕಚ್ಚುತ್ತವೆ, ಶಾಫ್ಟ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಖಾಲಿ ಓಟದಲ್ಲಿ ಸರಿಯೆನಿಸಿದ ಫ್ಯಾನ್ ಬಲೆ ಎಳೆಯುವಾಗ ಎಂಜಿನ್ನಿಗೆ ಹೊರೆಯಾಗುವುದು ಹೀಗೆ.

ಒಮ್ಮೆ ಒಬ್ಬ ತಾಂಡೇಲ, ಅಂದರೆ ಬೋಟು ನಡೆಸುವವನು, ಬಂದು, ‘ಅಣ್ಣ, ಓಡುವಾಗ ಏನೂ ತೊಂದರೆ ಇಲ್ಲ, ಬಲೆ ಬಿಟ್ಟ ಮೇಲೆ ಬರೀ ಕಪ್ಪು ಹೊಗೆ’ ಅಂದ. ಮಾಲೀಕರು ಇಂಜೆಕ್ಟರ್ ಬದಲಿಸಿ, ಪಂಪ್ ಬಿಚ್ಚಿಸಿ ಸಾಕಷ್ಟು ಖರ್ಚು ಮಾಡಿ ಆಗಿತ್ತು. ನಾನು ಅವನ ಜೊತೆ ಬೋಟಿನಲ್ಲಿ ಹೋಗಿ ಅಳೆದೆ. ಪೂರ್ತಿ ಥ್ರಾಟಲ್‌ನಲ್ಲಿ ಖಾಲಿ ಓಟಕ್ಕೆ 1780 ಬಂತು. ಬಲೆ ಇಳಿಸಿದ ಮೇಲೆ 1560ರಲ್ಲೇ ನಿಂತಿತು. ಎಂಜಿನ್ ಕೇಳುತ್ತಿದ್ದದ್ದು 1800. ಸುತ್ತು ಏರಲಾರದ ಎಂಜಿನ್ನಿಗೆ ಡೀಸೆಲ್ ಮಾತ್ರ ಹೋಗುತ್ತಲೇ ಇತ್ತು, ಅದನ್ನು ಉರಿಸುವಷ್ಟು ಗಾಳಿ ಸಾಲುತ್ತಿರಲಿಲ್ಲ. ಹೊಗೆ ಅದೇ. ವಾಲ್ವ್, ಪಿಸ್ಟನ್ ಬೇಗ ಹಾಳಾಗುವುದೂ ಅದರಿಂದಲೇ. 30ರ ಬದಲು 27 ಪಿಚ್‌ನ ಫ್ಯಾನ್ ಹಾಕಿಸಿದೆವು. ಬಲೆ ಎಳೆಯುವಾಗ 1680ರ ಹತ್ತಿರ ಬಂತು, ಹೊಗೆ ನಿಂತಿತು. ಖಾಲಿ ಓಟದಲ್ಲಿ ಸುತ್ತು ಅದನ್ನು ತಡೆಹಿಡಿಯುವ ಗವರ್ನರ್‌ನ ಮಿತಿಯನ್ನೇ ಮುಟ್ಟಿತು. ಅದಕ್ಕೆ ಚಿಂತೆಯಿಲ್ಲ, ಥ್ರಾಟಲ್ ಸ್ವಲ್ಪ ಇಳಿಸಿದರಾಯಿತು. ಎಲ್ಲಾ ಕಡೆ ಪೂರ್ತಿ ಹೊಂದುವ ಫ್ಯಾನ್ ಟ್ರಾಲ್ ಬೋಟಿಗೆ ಸಿಗುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕೆಂದರೆ ನಾನು ಬಿಡುವುದು ಓಟವನ್ನು.

ವ್ಯಾಸದ ವಿಷಯದಲ್ಲಿ ನನ್ನ ನಂಬಿಕೆ ಗಟ್ಟಿ: ಎಳೆಯುವ ಬೋಟಿಗೆ ದೊಡ್ಡ ಫ್ಯಾನ್ ನಿಧಾನ ತಿರುಗಬೇಕು. ಆದ್ದರಿಂದ ಎಂಜಿನ್ ಕೊಳ್ಳುವಾಗಲೇ ಹೆಚ್ಚು ಇಳಿಸುವ ಗೇರ್‌ಬಾಕ್ಸ್ ಕೇಳಿ ಎನ್ನುತ್ತೇನೆ. ಅಶ್ವಶಕ್ತಿಗೆ ಕೊಡುವ ಹಣದಲ್ಲಿ ಒಂದಷ್ಟು ಅಲ್ಲಿಗೆ ಹೋಗಲಿ. ಆದರೆ ಜಾಗ ಮೀರಬಾರದು. ಅಲಗಿನ ತುದಿಗೂ ಬೋಟಿನ ಅಡಿಗೂ ನಡುವೆ ವ್ಯಾಸದ ಶೇ. 15ರಷ್ಟಾದರೂ ಅಂತರ ಬೇಕು. 36 ಇಂಚಿಗೆ ಐದು ಇಂಚಿಗಿಂತ ಸ್ವಲ್ಪ ಹೆಚ್ಚು. ಇಲ್ಲದಿದ್ದರೆ ನಡುಕ ತಪ್ಪದು. ಎರಡೇ ಇಂಚು ತಾನೇ ಎಂದು ವ್ಯಾಸ ಹೆಚ್ಚಿಸುವವರೂ ಇದ್ದಾರೆ. 36ರಿಂದ 38ಕ್ಕೆ ಹೋಗಿ ಪಿಚ್ಚನ್ನೂ ಅದೇ ಪ್ರಮಾಣದಲ್ಲಿ ಏರಿಸಿದರೆ, ಅಷ್ಟೇ ಸುತ್ತಿಗೆ ಬೇಕಾಗುವ ಶಕ್ತಿ ಶೇ. 30ರಷ್ಟು ಹೆಚ್ಚುತ್ತದೆ.

ಪರೀಕ್ಷೆಯನ್ನು ಹೊಳೆಯಲ್ಲಿ ಮಾಡಬೇಡಿ. ಆಳ ಕಡಿಮೆಯಿದ್ದಲ್ಲಿ ಬೋಟು ಭಾರವಾಗಿ ಓಡುತ್ತದೆ, ಆರ್‌ಪಿಎಂ ಸುಳ್ಳು ಹೇಳುತ್ತದೆ. ಸೇಂಟ್ ಮೇರೀಸ್ ದ್ವೀಪ ದಾಟಿ ಆಳದ ನೀರಿಗೆ ಹೋಗಿ. ಐಸ್, ಡೀಸೆಲ್ ತುಂಬಿರಲಿ, ಬಲೆಯೂ ಇರಲಿ. ಕ್ಯಾಬಿನ್ನಿನ ಮೀಟರನ್ನು ನಾನು ನಂಬುವುದಿಲ್ಲ; ಪುಲ್ಲಿಗೆ ಹೊಳೆಯುವ ಪಟ್ಟಿ ಅಂಟಿಸಿ ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರಿನಿಂದ ನೋಡುತ್ತೇನೆ. ರಿಪೇರಿಯಾಗಿ ಬಂದ ಫ್ಯಾನ್ ಆದರೆ ಅದರ ಮೇಲೆ ಕೊರೆದ ಅಂಕಿಯನ್ನೂ ನಂಬುವುದಿಲ್ಲ. ಬೆಸುಗೆ, ಸುತ್ತಿಗೆ ಏಟು ಬಿದ್ದ ಅಲಗಿನ ಕೋನ ಬದಲಾಗಿರುತ್ತದೆ. ಪ್ರತಿ ಅಲಗಿನ ಪಿಚ್ಚನ್ನೂ ನಡುವಿನಿಂದ ಒಂದೇ ದೂರದಲ್ಲಿ ಅಳೆದು ನೋಡಿದರೆ, ಗೇರ್‌ಬಾಕ್ಸಿನ ದೋಷ ಎಂದುಕೊಂಡಿದ್ದ ಎಷ್ಟೋ ನಡುಕದ ಕಾರಣ ಅಲ್ಲೇ ಸಿಗುತ್ತದೆ.

ಡೀಸೆಲ್ ಉಳಿಯುತ್ತದೆಯೇ ಎಂದು ಮಾಲೀಕರು ಕೇಳುತ್ತಾರೆ. ಫ್ಯಾನ್ ನುಂಗುವ ಶಕ್ತಿ ಹೆಚ್ಚುಕಡಿಮೆ ಸುತ್ತಿನ ಘನಕ್ಕೆ ಅನುಗುಣ. 1800ರ ಬದಲು 1600ರಲ್ಲಿ ಓಡಿದರೆ ಬೇಕಾಗುವ ಶಕ್ತಿ ಶೇ. 70ಕ್ಕೆ ಇಳಿಯುತ್ತದೆ, ವೇಗ ಮಾತ್ರ ಒಂದು ನಾಟ್‌ನಷ್ಟು ಕಡಿಮೆ. 60 ನಾಟಿಕಲ್ ಮೈಲು ದೂರದಿಂದ ಬರುವವನಿಗೆ ಒಂದು ಗಂಟೆ ತಡವಾಗಬಹುದು. ಆದರೆ ಮೀನಿನ ದರ ಬೀಳುತ್ತಿದೆ ಎಂದು ಫೋನ್ ಬಂದ ದಿನ ತಾಂಡೇಲ ಥ್ರಾಟಲ್ ಪೂರ್ತಿ ಕೊಡುತ್ತಾನೆ. ಅವನಿಗೆ ಬೇಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ, ಬೋಟಿನ ಕೆಲಸಗಾರರಾದ ಕಲಾಸಿಗಳ ಪಾಲೂ ಆ ದರದಲ್ಲೇ ಇದೆ. ಅಂಥ ದಿನವೂ ಎಂಜಿನ್ ತನ್ನ ಪೂರ್ತಿ ಸುತ್ತಿಗೆ ಏರುವ ಫ್ಯಾನನ್ನೇ ನಾನು ಬರೆದುಕೊಡುತ್ತೇನೆ, ಅದು ಪಕ್ಕದ ಬೋಟಿನದಕ್ಕಿಂತ ಎರಡು ಇಂಚು ಚಿಕ್ಕದಾದರೂ ಸರಿ.